ದ್ಯಾವಕ್ಕನ ಕೇಪಳ

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಒಬ್ಬನೇ ಯಾಕೆಂದರೆ, ಉಳಿದವರೆಲ್ಲ ಗುರುವಿನ ಬಾಯಿಗೆ ಹೆದರಿ ಓಡಿಹೋಗಿದ್ದರು.

ದೋಣಿ ನಿಲ್ಲುವ ಜಾಗದಲ್ಲೇ ಇದ್ದುದರಿಂದ ಜನ ಅವರನ್ನು ಹೊಳೆಬಾಗಿಲ ಗುರುಗಳು ಎನ್ನುತ್ತಿದ್ದರು. ಓಡಿಹೋಗದೆ ಉಳಿದ ಶಿಷ್ಯನ ಹೆಸರು ಸಣ್ಣಯ್ಯ.

ಸಣ್ಣಯ್ಯನಿಗೆ ಹೆತ್ತವರ ನೆನಪಿಲ್ಲ. ಅವನನ್ನು ಸಾಕಿದ್ದು ಅಕ್ಕ, ದ್ಯಾವಕ್ಕ. ಅವಳ ಮನೆ ಆಚೆ ದಡದ ಊರಿನಲ್ಲಿತ್ತು. ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಹೊಳೆ ತುಂಬಿತ್ತು, ದೋಣಿ ಬಿಡಲಿಲ್ಲ. ನೀರು ಇಳಿದು ಇವನು ದಾಟುವಷ್ಟರಲ್ಲಿ ಅವಳನ್ನು ಹೂತ ಮಣ್ಣಿನ ಮೇಲೆ ಹುಲ್ಲು ಹುಟ್ಟಿತ್ತು.

ಮುಖ ನೋಡದವನಿಗೆ ಸಾವು ನಂಬಿಕೆಯಾಗುವುದಿಲ್ಲ. ಸಣ್ಣಯ್ಯ ಅಳಲಿಲ್ಲ. "ನಮ್ಮಕ್ಕ ಹೀಗೆ ಹೇಳ್ತಾಳೆ, ನಮ್ಮಕ್ಕ ಹಾಗೆ ಮಾಡ್ತಾಳೆ" ಎಂದೇ ಮಾತಾಡುತ್ತಿದ್ದ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಚಳಿ ಕಡಿಮೆಯಾದ ಮೇಲೆ ಒಂದು ದಿನ ಅವನು ಗುದ್ದಲಿ ಹೊತ್ತು ಆಚೆ ದಡಕ್ಕೆ ಹೋದ.

ದ್ಯಾವಕ್ಕನನ್ನು ಹೂತದ್ದು ಮಸಣದ ಒಂದು ಕೇಪಳದ ಗಿಡದ ಬುಡದಲ್ಲಿ. ಯಾರೂ ನೆಡದೆ ಕಾಡಿನಲ್ಲಿ ತಾನಾಗಿ ಬೆಳೆದು, ಗೊಂಚಲು ಗೊಂಚಲು ಕೆಂಪು ಹೂ ಬಿಡುವ ಗಿಡ ಅದು. ಬದುಕಿದ್ದಾಗ ಅವಳ ಅಂಗಳದ ತುಂಬ ಅದೇ ಇತ್ತು. ಸಣ್ಣಯ್ಯ ಆ ಗಿಡವನ್ನು ಬೇರುಸಹಿತ ಅಗೆದು, ಹೆಗಲ ಮೇಲೆ ಹಾಕಿಕೊಂಡು ದೋಣಿ ಹತ್ತಿದ.

ಅಂಬಿಗ ದುರ್ಗಪ್ಪ ನಡುಹೊಳೆಯಲ್ಲೇ ಏದುಸಿರು ಬಿಟ್ಟ.

"ಎಷ್ಟು ಜನ ಹತ್ತಿದ್ರಿ ಮಾರಾಯ?"

"ನಾನೊಬ್ಬನೇ. ಜೊತೆಗೆ ಈ ಗಿಡ."

ದುರ್ಗಪ್ಪ ಸಣ್ಣಯ್ಯನ ಹಿಂದಿದ್ದ ಖಾಲಿ ಹಲಗೆಯನ್ನು ನೋಡಿದ. ಆ ಕಡೆ ದೋಣಿ ತಗ್ಗಿ, ನೀರು ಅಂಚಿಗೆ ಬಂದಿತ್ತು. ಅವನು ಹುಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

ದಡ ಸಿಕ್ಕಿತು. ಸಣ್ಣಯ್ಯ ಇಳಿದ ಮೇಲೂ ದುರ್ಗಪ್ಪ ದೋಣಿಯನ್ನು ಅಲುಗದಂತೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತ. ಹೆಂಗಸರು ಇಳಿಯುವಾಗ ಅವನು ಹಾಗೆ ನಿಲ್ಲುವುದು ವಾಡಿಕೆ.

ಮಸಣಕ್ಕೆ ಹೋಗಿ ಬಂದವನು ಸ್ನಾನ ಮಾಡದೆ ಆಶ್ರಮದ ಮೆಟ್ಟಿಲು ಹತ್ತುವಂತಿಲ್ಲ. ಸಣ್ಣಯ್ಯ ಹೊಳೆಯಲ್ಲಿ ಮುಳುಗೆದ್ದ. ಆಮೇಲೆ ಗಿಡವನ್ನೂ ಮುಳುಗಿಸಿದ. ಬೇರಿಗೆ ಅಂಟಿದ್ದ ಮಣ್ಣನ್ನೆಲ್ಲ ಬೆರಳಿನಿಂದ ಬಿಡಿಸಿ ಬಿಡಿಸಿ ತೊಳೆದ. ಮಣ್ಣು ಕರಗಿ ಹೊಳೆಯಲ್ಲಿ ಹೋಯಿತು. ಬೇರು ನಾರಿನಂತೆ ಬೆಳ್ಳಗಾಯಿತು.

ಆಶ್ರಮದ ಗೋಡೆಗೆ ಆಗಷ್ಟೇ ಸುಣ್ಣ ಬಳಿದಿತ್ತು. ಬಾಗಿಲಿನ ಪಕ್ಕ, ಗೋಡೆಗೆ ತಾಗಿಕೊಂಡೇ ಅವನು ಗುಂಡಿ ತೆಗೆದು ಗಿಡ ಇಳಿಸಿದ. ಗುರುಗಳ ಅಗ್ಗಿಷ್ಟಿಕೆಯ ಬೂದಿ ಪವಿತ್ರ ಎಂದು ಅದನ್ನೂ ಬುಡಕ್ಕೆ ಸುರಿದ. ಮೇಲೆ ಮಣ್ಣೆಳೆದು ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿದ.

ಗುರುಗಳು ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡಿದರು.

"ಏನೋ ಅದು?"

"ಅಕ್ಕನ ಕೇಪಳ ಗುರುಗಳೇ. ಇನ್ನು ಅಕ್ಕ ಇಲ್ಲೇ ಇರ್ತಾಳೆ."

"ಇರಲಿ ಇರಲಿ" ಎಂದರು ಗುರುಗಳು.

ಸಂಜೆ ಊಟಕ್ಕೆ ಅವರು ಮೂರು ಎಲೆ ಹಾಕಿದರು.

"ಮೂರನೇದು ಯಾರಿಗೆ ಗುರುಗಳೇ?"

"ಬಂದವರಿಗೆ."

"ಯಾರೂ ಬಂದಿಲ್ಲವಲ್ಲ."

"ಕರಕೊಂಡು ಬಂದವನು ನೀನು. ನನ್ನನ್ನ ಕೇಳ್ತೀಯಲ್ಲೋ!"

ಮೂರನೆಯ ಎಲೆಗೂ ಅನ್ನ ಬಡಿಸಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟರು. ಬೆಳಿಗ್ಗೆ ಅನ್ನ ಹಾಗೇ ಇತ್ತು. ಚೊಂಬು ಖಾಲಿಯಾಗಿತ್ತು.

ಹೊರಗೆ ಮಂಜು ಮುಸುಕಿತ್ತು. ಸಣ್ಣಯ್ಯ ಬಾಗಿಲು ತೆಗೆದರೆ, ಕೇಪಳದ ಗಿಡ ಅಂಗಳದಲ್ಲಿ ಮಲಗಿತ್ತು. ತಲೆ ಹೊಳೆಯ ಕಡೆಗೆ.

ನಾಯಿ ಕೆದಕಿರಬೇಕು ಎಂದುಕೊಂಡು ಅವನು ಗುಂಡಿಯ ಹತ್ತಿರ ಹೋದ. ಗುಂಡಿ ಮುಚ್ಚಿಯೇ ಇತ್ತು. ನಿನ್ನೆ ತುಳಿದ ಮಣ್ಣಿನ ಮೇಲೆ ಅವನ ಹಿಮ್ಮಡಿಯ ಗುರುತು ಹಾಗೇ, ಒಂದು ಗೆರೆ ಅಳಿಯದೆ, ಕೂತಿತ್ತು.

ಸಣ್ಣಯ್ಯ ಒಳಗೆ ಓಡಿದ.

"ಗುರುಗಳೇ, ಗಿಡ ಹೊರಗೆ ಬಂದಿದೆ!"

"ಒಳಗೆ ಸರಿಹೋಗಲಿಲ್ಲವೇನೋ" ಎಂದು ಅವರು ಹಲ್ಲುಜ್ಜಲು ಹೋದರು.

ಅವನು ಮತ್ತೆ ಅಗೆದ. ಮೊದಲಿಗಿಂತ ಆಳ. ತುಳಿದದ್ದೂ ಮೊದಲಿಗಿಂತ ಗಟ್ಟಿ. ಸುತ್ತ ಹೊಳೆಗಲ್ಲು ತಂದು ಪೇರಿಸಿದ.

ಮರುದಿನ ಬೆಳಿಗ್ಗೆ ಗಿಡ ಮತ್ತೆ ಅಂಗಳದಲ್ಲಿತ್ತು. ಪೇರಿಸಿದ ಕಲ್ಲುಗಳಲ್ಲಿ ಮೂರನ್ನು ಯಾರೋ ಎತ್ತಿ ಒಲೆ ಹೂಡಿದ್ದರು. ಎರಡು ಎದುರುಬದುರು, ಒಂದು ಹಿಂದೆ, ಹಿಂದಿನದು ಸ್ವಲ್ಪ ಎಡಕ್ಕೆ ವಾರೆ. ದ್ಯಾವಕ್ಕ ಅಂಗಳದಲ್ಲಿ ಒಲೆ ಹೂಡುತ್ತಿದ್ದುದು ಹಾಗೆ, ವಾರೆಯಾಗಿ. "ಗಾಳಿ ಆ ಕಡೆಯಿಂದ ಬರ್ತದೆ ಸಣ್ಣಾ" ಎನ್ನುತ್ತಿದ್ದಳು.

ಸಣ್ಣಯ್ಯ ಕಲ್ಲು ಮುಟ್ಟಿದ. ಬೆಚ್ಚಗಿತ್ತು.

ಹೆದರಿ ಓಡಬೇಕಾಗಿದ್ದವನು ಓಡಲಿಲ್ಲ. ಅವನಿಗೆ ಖುಷಿಯಾಯಿತು. ಅಂಥ ಖುಷಿ ಅವನಿಗೆ ಮಳೆಗಾಲದಿಂದ ಆಗಿರಲಿಲ್ಲ. ಕಲ್ಲಿನ ಮೇಲೆ ಕೈ ಇಟ್ಟುಕೊಂಡೇ ಕೂಗಿದ.

"ಗುರುಗಳೇ, ನಮ್ಮಕ್ಕ ಸತ್ತಿಲ್ಲ! ನಾನು ಹೇಳ್ತಾ ಇರಲಿಲ್ಲವಾ? ಇಲ್ಲೇ ಇದಾಳೆ!"

ಗುರುಗಳು ಬಂದು ಒಲೆಯನ್ನು ನೋಡಿದರು. ಬಾಗಿ ನಮಸ್ಕಾರ ಮಾಡಿದರು. ಅವರು ಯಾರಿಗೂ ಸುಲಭಕ್ಕೆ ಬಾಗುವವರಲ್ಲ.

"ಇದಾಳೆ ಅಂತ ಇಟ್ಟುಕೋ. ಆದರೆ ಯಾವ ಕಡೆ ತಲೆ ಹಾಕಿ ಮಲಗಿದಾಳೆ, ನೋಡಿದೆಯಾ?"

ಸಣ್ಣಯ್ಯ ನೋಡಿದ. ಗಿಡದ ತಲೆ ಹೊಳೆಯ ಕಡೆಗಿತ್ತು. ಹೊಳೆಯ ಆಚೆಗೆ ಮಸಣ.

"ಹೋಗೋಕೆ ಬಿಡಲ್ಲ ಗುರುಗಳೇ" ಎಂದ ಅವನು. "ಒಂದು ಸಲ ಹೋದಳು. ನನಗೆ ಹೇಳದೆ ಹೋದಳು. ಈ ಸಲ ಬಿಡಲ್ಲ."

ಗುರುಗಳು ಜಗಲಿಗೆ ಹೋಗಿ ಕೂತರು.

ಮೂರನೆಯ ಸಲ ಅವನು ತೊಡೆಮಟ್ಟ ಆಳಕ್ಕೆ ಅಗೆದ. ಗಿಡದ ಅರ್ಧ ಕೊಂಬೆ ಮಣ್ಣಿನೊಳಗೇ ಹೋಯಿತು. ಒಂದು ಪದರ ಮಣ್ಣು, ಒಂದು ಸುತ್ತು ತುಳಿತ. ಹೀಗೆ ಕೊನೆಯವರೆಗೂ ತುಳಿದ. ಮೇಲೆ ನೀರು ಹುಯ್ದ.

ಈ ಸಲ ಗಿಡ ಹೊರಗೆ ಬರಲಿಲ್ಲ.

ಸಣ್ಣಯ್ಯ ಗೆದ್ದೆ ಎಂದುಕೊಂಡ. ದಿನಾ ಬೂದಿ ಹಾಕಿದ, ದಿನಾ ನೀರು ಹುಯ್ದ. ಎಲೆ ಹಳದಿಯಾಯಿತು. ನರ ಮಾತ್ರ ಹಸಿರಾಗಿ ಉಳಿದು, ಮುದುಕಿಯ ಕೈಯ ಹಾಗೆ ಕಂಡಿತು. ಆಮೇಲೆ ಒಂದೊಂದಾಗಿ ಉದುರಲು ಶುರುವಾಯಿತು. ಗಾಳಿಯಿಲ್ಲದಾಗಲೂ ಉದುರುತ್ತಿತ್ತು.

ಗುರುಗಳು ಸಂಜೆಯ ಮೂರನೆಯ ಎಲೆ ತಪ್ಪಿಸಲಿಲ್ಲ. ಈಗ ಬೆಳಿಗ್ಗೆ ಚೊಂಬಿನ ನೀರೂ ಹಾಗೇ ಇರುತ್ತಿತ್ತು.

ಒಂದು ಮಟಮಟ ಮಧ್ಯಾಹ್ನ. ಹಕ್ಕಿಯ ಸದ್ದಿಲ್ಲ, ಹೊಳೆಯ ಸದ್ದೂ ಇಲ್ಲ. ಸಣ್ಣಯ್ಯ ಗಿಡದ ಪಕ್ಕ ಕೂತು ಉದುರಿದ ಎಲೆ ಆಯುತ್ತಿದ್ದ. ಮಣ್ಣಿನ ಒಳಗಿನಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಹಾಗೆ, ಒಂದು ದನಿ ಬಂತು.

"ಸಣ್ಣಾ, ಉಸಿರು ಕಟ್ತದೆ ಕಣೋ."

ಅಕ್ಕನದೇ ದನಿ. ಜ್ವರ ಬಂದಾಗ ಅವಳು ಹೀಗೇ ಮಾತಾಡುತ್ತಿದ್ದಳು, ತೊಂದರೆ ಕೊಡಬಾರದು ಎಂಬಂತೆ ಮೆಲ್ಲಗೆ.

ಸಣ್ಣಯ್ಯ ಎದ್ದು ಬಿದ್ದು ಗುರುಗಳ ಹತ್ತಿರ ಓಡಿದ.

"ಗುರುಗಳೇ, ಅಕ್ಕ... ಉಸಿರು ಕಟ್ತದೆ ಅಂತಾಳೆ. ಗಿಡ ಸಾಯ್ತಾ ಇದೆ. ಏನು ಮಾಡಲಿ ಹೇಳಿ. ಏನು ಬೇಕಾದರೂ ಮಾಡ್ತೀನಿ."

"ಎಷ್ಟು ಆಳಕ್ಕೆ ನೆಟ್ಟೆ?"

"ತೊಡೆಮಟ್ಟ."

"ಕೇಪಳದ ಬೇರು ಮೊಳ ಆಳಕ್ಕೂ ಇಳಿಯಲ್ಲ. ಮೇಲೇ ಹರಡಿಕೊಂಡು ಉಸಿರಾಡೋ ಗಿಡ ಅದು." ಗುರುಗಳು ಎದ್ದರು. "ನೀನು ಗಿಡ ನೆಟ್ಟೆಯೋ, ಹೂತೆಯೋ?"

ಸಣ್ಣಯ್ಯ ಗಿಡದ ಕಡೆ ತಿರುಗಿದ.

"ಗಿಡ ತೆಗಿ."

ಅವನು ಕೈಯಿಂದಲೇ ಮಣ್ಣು ಬಗೆದು ಗಿಡ ತೆಗೆದ. ಗುರುಗಳು ಕಾಂಡವನ್ನು ಉಗುರಿನಿಂದ ಕೆರೆದರು. ಒಳಗೆ ಇನ್ನೂ ಒಂದು ಎಳೆ ಹಸಿರು ಇತ್ತು. ಒದ್ದೆ ಗೋಣಿಯಲ್ಲಿ ಬೇರು ಸುತ್ತಿ ನೆರಳಿಗಿಟ್ಟರು. ಆಮೇಲೆ ಖಾಲಿ ಗುಂಡಿ ತೋರಿಸಿದರು.

"ಇಳಿ."

"ನಾನಾ?"

"ಏನು ಬೇಕಾದರೂ ಮಾಡ್ತೀನಿ ಅಂದವನು ನಾನಲ್ಲವಲ್ಲ."

ಸಣ್ಣಯ್ಯ ಇಳಿದು ಕೂತ. ಗುರುಗಳು ಮಣ್ಣೆಳೆದರು. ಒಂದು ಪದರ ಮಣ್ಣು, ಒಂದು ಸುತ್ತು ತುಳಿತ. ವಯಸ್ಸಾದ ಕಾಲು, ಆದರೂ ಅವನು ತುಳಿದ ಹಾಗೇ ತುಳಿದರು. ಮಣ್ಣು ಹೊಟ್ಟೆಗೆ ಬಂತು, ಎದೆಗೆ ಬಂತು, ಕತ್ತಿಗೆ ಬಂದು ನಿಂತಿತು. ಮೇಲೆ ಒಂದು ಕೊಡ ನೀರು ಹುಯ್ದರು. ಒಂದು ಹಿಡಿ ಬೂದಿಯನ್ನೂ ಮರೆಯಲಿಲ್ಲ.

"ನಾನು ಸ್ನಾನ ಮಾಡಿ ಬರ್ತೀನಿ" ಎಂದು ಪಂಚೆ ಹೆಗಲಿಗೆ ಹಾಕಿ ಹೊಳೆಗೆ ಇಳಿದುಹೋದರು.

ಸಣ್ಣಯ್ಯನ ತಲೆ ಮಾತ್ರ ನೆಲದ ಮೇಲಿತ್ತು. ಕೈ ಅಲ್ಲಾಡದು. ಉಸಿರು ಒಳಗೆ ಎಳೆದರೆ ಎದೆ ಅಗಲವಾಗದು. ಸುಣ್ಣದ ಗೋಡೆಯ ಝಳ ಕೆನ್ನೆಗೆ ಬಡಿಯುತ್ತಿತ್ತು. ಇಷ್ಟು ದಿನ ಗಿಡ ಇದನ್ನೇ ಸಹಿಸಿತ್ತು ಎಂದು ಅವನಿಗೆ ಹೊಳೆದದ್ದು ಆಗ. ನಾಚಿಕೆಯಾಯಿತು.

ಆಗ ಅವನ ಹಿಂದೆ ಸದ್ದಾಯಿತು.

ಸರ್, ಸರ್. ಒಣಗೆಲೆ ಗುಡಿಸುವ ಸದ್ದು.

ಯಾರೋ ಅಂಗಳದ ಆ ತುದಿಯಿಂದ ತರಗೆಲೆ ಎಳೆಯುತ್ತ ಬರುತ್ತಿದ್ದರು. ಅವಸರವಿಲ್ಲ. ನಡುನಡುವೆ ನಿಂತು ಬೆನ್ನು ನೇರ ಮಾಡಿಕೊಂಡ ಹಾಗೆ ಸದ್ದೂ ನಿಲ್ಲುತ್ತಿತ್ತು.

"ಗುರುಗಳೇ?"

ಸರ್, ಸರ್.

ತಿರುಗಿ ನೋಡಲು ಕತ್ತು ತಿರುಗದು. ಎಲೆಯ ರಾಶಿ ಬಂದು ಅವನ ಕುತ್ತಿಗೆಗೆ ತಾಗಿತು. ಯಾರೋ ಅದನ್ನು ಸುತ್ತಲೂ ಮೆಲ್ಲಗೆ ಹರಡಿದರು. ಕತ್ತಿಗೆ ಚುಚ್ಚದಂತೆ ಕಡ್ಡಿಗಳನ್ನು ಆರಿಸಿ ತೆಗೆದರು. ಎಲೆ ಹರಡಿದಲ್ಲೆಲ್ಲ ಮಣ್ಣು ತಣ್ಣಗಾಯಿತು.

ಅಂಗಳದ ತರಗೆಲೆಯನ್ನು ದ್ಯಾವಕ್ಕ ಎಂದೂ ಸುಡುತ್ತಿರಲಿಲ್ಲ. ಕೇಪಳದ ಬುಡಕ್ಕೆ ಎಳೆದು, ಹೀಗೇ ಕಡ್ಡಿ ಆರಿಸಿ ಹರಡುತ್ತಿದ್ದಳು.

ಸಣ್ಣಯ್ಯನ ತಲೆಯ ಮೇಲೆ ಒಂದು ಕೈ ಬಂದು ಕೂತಿತು. ಹೊಳೆಯ ತಳದ ಕಲ್ಲಿನಷ್ಟು ತಣ್ಣಗಿತ್ತು.

ಎಲ್ಲರಿಗೂ ಬೇಕಾದದ್ದು ಇದೇ ಅಲ್ಲವೇ, ಹೋದವರ ಕೈ ಇನ್ನೊಮ್ಮೆ ತಲೆಯ ಮೇಲೆ? ಆದರೆ ಬದುಕಿದವರ ಕೈ ಬೆಚ್ಚಗಿರುತ್ತದೆ. ಈ ಕೈ ಬೆಚ್ಚಗಿರಲಿಲ್ಲ. ತಲೆಯ ಮೇಲೆ ಇದ್ದಷ್ಟು ಹೊತ್ತೂ ಬೆಚ್ಚಗಾಗಲಿಲ್ಲ.

ಇಷ್ಟು ದಿನ ಹೇಳದೆ ಇದ್ದ ಮಾತು ಸಣ್ಣಯ್ಯನ ಬಾಯಿಂದ ತಾನಾಗಿ ಬಂತು.

"ಅಕ್ಕಾ, ನೀನು ಸತ್ತುಹೋದೆ."

ಕೈ ಹಾಗೇ ಇತ್ತು.

"ಸತ್ತುಹೋದೆ ಅಕ್ಕ. ನಾನು ಬರಲಿಲ್ಲ. ಹೊಳೆ ತುಂಬಿತ್ತು."

ಅವನು ಅತ್ತ. ಒರೆಸಿಕೊಳ್ಳಲು ಕೈ ಮಣ್ಣಿನೊಳಗಿತ್ತು. ಕಣ್ಣೀರು ಗಲ್ಲದಿಂದ ಇಳಿದು ತರಗೆಲೆಯ ಮೇಲೆ ಬಿತ್ತು. ಯಾವಾಗ ಕೈ ಹೋಯಿತೋ ಅವನಿಗೆ ತಿಳಿಯಲಿಲ್ಲ.

ಗುರುಗಳು ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬಂದರು. ಗುದ್ದಲಿ ಮುಟ್ಟದೆ ಕೈಯಿಂದಲೇ ಮಣ್ಣು ಬಗೆದು ಅವನನ್ನು ಎಬ್ಬಿಸಿ ಕೂರಿಸಿದರು.

"ಗುರುಗಳೇ, ಎಲೆ ಹಾಕಿದ್ದು ನೀವಾ?"

"ನಾನು ಹೊಳೆಯಲ್ಲಿದ್ದೆ."

"ಮತ್ತೆ ಯಾರು?"

ಗುರುಗಳು ತರಗೆಲೆಯನ್ನು ಮುಟ್ಟಿ ನೋಡಿದರು. ಅದು ಕೇಪಳದ ಎಲೆಯಾಗಿತ್ತು, ರಾಶಿ ರಾಶಿ. ಆಶ್ರಮದಲ್ಲಿ ಇದ್ದದ್ದು ಒಂದೇ ಗಿಡ. ಅದರಲ್ಲಿ ಹತ್ತು ಎಲೆಯೂ ಉಳಿದಿರಲಿಲ್ಲ.

"ಗಿಡದ ಕೆಲಸ ಬಲ್ಲವರು" ಎಂದರು ಗುರುಗಳು.

ಸಣ್ಣಯ್ಯ ಮೈಯ ಮಣ್ಣು ಕೊಡವಿಕೊಂಡ. ಆಮೇಲೆ ಕೇಳಿದ.

"ಗಿಡವನ್ನ ಹೇಗೆ ನೆಡಬೇಕು ಗುರುಗಳೇ?"

"ಅಬ್ಬ, ಕೇಳಿದೆಯಲ್ಲ!"

"ನಿಮಗೆ ಗೊತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ?"

"ಇಷ್ಟು ದಿನ ನೀನು ಅಕ್ಕನನ್ನ ನೆಡ್ತಾ ಇದ್ದೆ. ಅದು ನನಗೆ ಗೊತ್ತಿಲ್ಲದ ಕೆಲಸ. ಗಿಡದ ವಿಷಯ ಇವತ್ತು ಕೇಳಿದೆ." ಗುರುಗಳು ಗೋಣಿ ಬಿಚ್ಚಿ ಬಿಳಿ ಬೇರು ತೋರಿಸಿದರು. "ಇದನ್ನ ತೊಳೆದೆಯಲ್ಲ, ಯಾಕೆ?"

"ಮಸಣದ ಮಣ್ಣು ಗುರುಗಳೇ. ಮೈಲಿಗೆ ಅಂತ..."

"ಅಕ್ಕ ಬೇಕು, ಅಕ್ಕ ಸೇರಿದ ಮಣ್ಣು ಬೇಡ. ಹೌದಾ?"

ಸಣ್ಣಯ್ಯ ತಲೆ ತಗ್ಗಿಸಿದ.

"ಕಾಡಿನ ಗಿಡಕ್ಕೆ ಹುಟ್ಟಿದ ಮಣ್ಣೇ ತಾಯಿಹಾಲು. ಹುಳಿ ಮಣ್ಣು, ಕೊಳೆತ ಎಲೆಯ ಮಣ್ಣು. ಅದನ್ನ ತೊಳೆದು, ಸುಣ್ಣದ ಪಕ್ಕ ಕೂರಿಸಿ, ಬೂದಿ ತಿನ್ನಿಸಿದೆ. ಹೋಗು, ಆ ಮಣ್ಣು ತಾ."

"ಈಗಲೇ?"

"ಗೋಣಿಯಲ್ಲಿ ಎಷ್ಟು ಹೊತ್ತು ಇರ್ತದೆ ಅದು? ಈಗಲೇ. ಸುಮ್ಮನೆ ಅಗೆದು ತರಬೇಡ. ಮನೆಯವರನ್ನ ಕೇಳಿ ತಾ."

ಸಣ್ಣಯ್ಯ ಎರಡು ಬುಟ್ಟಿ ಹಿಡಿದು ದೋಣಿ ಹತ್ತಿದ. ಖಾಲಿ ಬುಟ್ಟಿ, ಒಬ್ಬನೇ ಆಳು. ಆದರೂ ದೋಣಿ ಆಚೆ ದಡ ಮುಟ್ಟುವಷ್ಟರಲ್ಲಿ ದುರ್ಗಪ್ಪ ಬೆವತು ನೀರಾಗಿದ್ದ. ದಡದಲ್ಲಿ ಅವನು ದೋಣಿಯನ್ನು ಒತ್ತಿ ಹಿಡಿದು ನಿಂತ. ಈ ಸಲ ಸಣ್ಣಯ್ಯನೂ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಸಣದಲ್ಲಿ ಅವನು ಗಿಡ ಅಗೆದ ಗುಂಡಿ ಬಾಯಿ ತೆರೆದುಕೊಂಡೇ ಇತ್ತು. ಸಣ್ಣಯ್ಯ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಎರಡು ಬುಟ್ಟಿ ಮಣ್ಣು ಒಯ್ತೀನಿ. ಗಿಡ ಬದುಕಬೇಕು. ನೀನು..." ಗುಂಡಿಯ ಅಂಚಿನ ಮಣ್ಣನ್ನು ಅಂಗೈಯಿಂದ ಸವರಿದ. "ನೀನು ಇಲ್ಲೇ ಇರು."

ಮಣ್ಣು ತುಂಬಿಕೊಂಡು ಗುಂಡಿ ಮುಚ್ಚಿದ. ಮೇಲೆ ತರಗೆಲೆ ಎಳೆದು ಹರಡಿ, ಕಡ್ಡಿ ಆರಿಸಿದ. ಮಣ್ಣಿನ ಮೇಲೆ ಕಾಲಿಡಲಿಲ್ಲ.

ವಾಪಸು ಬರುವಾಗ ಬುಟ್ಟಿ ಎರಡೂ ತುಂಬಿದ್ದವು. ದೋಣಿ ತರಗೆಲೆಯ ಹಾಗೆ ತೇಲಿ ಬಂತು. ದುರ್ಗಪ್ಪ ಒಂದು ಕೈಯಲ್ಲೇ ಹುಟ್ಟು ಹಾಕಿದ. ಸಣ್ಣಯ್ಯ ಹಿಂದಿನ ಖಾಲಿ ಹಲಗೆಯನ್ನೇ ನೋಡುತ್ತ ಕೂತಿದ್ದ. ಅವನ ಎದೆ ಹಗುರಾಗಿರಲಿಲ್ಲ. ಭಾರವಾಗಿಯೇ ಇತ್ತು.

ಈ ಸಲ ಅವನು ಸ್ನಾನ ಮಾಡಿದ, ಮಣ್ಣನ್ನು ತೊಳೆಯಲಿಲ್ಲ. ಸುಣ್ಣದ ಗೋಡೆಯಿಂದ ದೂರ, ನೇರಳೆ ಮರದ ಚುಕ್ಕೆ ನೆರಳಲ್ಲಿ ಜಾಗ ನೋಡಿದ. ಗೇಣು ಆಳದ ಅಗಲ ಗುಂಡಿ. ಬೇರನ್ನು ಬಿಡಿಸಿ ಹರಡಿ, ಅಕ್ಕನ ಮಣ್ಣು ತುಂಬಿ, ಕಾಂಡದ ಬುಡ ನೆಲದಿಂದ ಸ್ವಲ್ಪ ಮೇಲೇ ಉಳಿಯುವಂತೆ ಕೂರಿಸಿದ. ಅಂಗೈಯಿಂದ ಒಂದೇ ಸಲ ಒತ್ತಿದ. ಮೇಲೆ ಎಲೆಯ ಹಾಸು.

ಅಭ್ಯಾಸಬಲದಿಂದ ಹಿಮ್ಮಡಿ ಎತ್ತಿದವನು ಹಾಗೇ ಹಿಂದೆ ತೆಗೆದುಕೊಂಡ. ಗುರುಗಳು ಜಗಲಿಯಲ್ಲಿ ಕೆಮ್ಮಿದರು. ನಕ್ಕಿದ್ದನ್ನು ಮುಚ್ಚಲು ಕೆಮ್ಮಿದ್ದಿರಬೇಕು.

ಸಂಜೆ ಎಲೆ ಹಾಕಲು ಸಣ್ಣಯ್ಯನೇ ಹೋದ. ಎಲೆಯ ಕಟ್ಟನ್ನು ಹಿಡಿದು ತುಂಬ ಹೊತ್ತು ನಿಂತ. ಆಮೇಲೆ ಎರಡು ಹಾಕಿದ.

ಗುರುಗಳು ಊಟಕ್ಕೆ ಕೂತರು.

ಬೆಳಿಗ್ಗೆ ಮಂಜಿನಲ್ಲಿ ಗಿಡ ನೆಟ್ಟಲ್ಲೇ ನಿಂತಿತ್ತು.

ಮಳೆಗಾಲದಲ್ಲಿ ಅದು ಚಿಗುರಿತು. ಸಣ್ಣಯ್ಯ ಬುಡ ಕೆದಕಲಿಲ್ಲ, ಬೂದಿ ಹಾಕಲಿಲ್ಲ, ದಿನಕ್ಕೆ ಮೂರು ಸಲ ಹೋಗಿ ನೋಡಲಿಲ್ಲ. ಎರಡು ಸಲ ನೋಡುತ್ತಿದ್ದ, ಅಷ್ಟೆ. ನೇರಳೆ ಮರ ಉದುರಿಸಿದ ಎಲೆಯನ್ನು ಬುಡಕ್ಕೆ ಎಳೆಯುತ್ತಿದ್ದ. "ನಮ್ಮಕ್ಕ ಹೀಗೇ ಮಾಡ್ತಾ ಇದ್ದಳು" ಎಂದು ಹೋಗಿ ಬರುವವರಿಗೆ ಹೇಳುತ್ತಿದ್ದ.

ಮುಂದಿನ ಬೇಸಿಗೆಗೆ ಹೂ ಬಂತು. ಗಿಡಕ್ಕೆ ಬೆಂಕಿ ಬಿದ್ದ ಹಾಗೆ ಕೆಂಪು. ದೋಣಿಗೆ ಕಾಯುವ ಜನ ಅದನ್ನು ನೋಡುತ್ತ ನಿಲ್ಲುತ್ತಿದ್ದರು, ಮಕ್ಕಳು ಹಣ್ಣು ಕಿತ್ತು ತಿನ್ನುತ್ತಿದ್ದರು.

ಗುರುಗಳು ಆ ಹೊತ್ತಿಗೆ ಬಹಳ ಸೊರಗಿಹೋಗಿದ್ದರು. ಒಂದು ಮಧ್ಯಾಹ್ನ ಸಣ್ಣಯ್ಯನ ಭುಜ ಹಿಡಿದು ಗಿಡದ ಹತ್ತಿರ ಬಂದು ಕೂತರು. ಹಕ್ಕಿಯ ಸದ್ದಿರಲಿಲ್ಲ. ಹೊಳೆಯ ಸದ್ದೂ ಇರಲಿಲ್ಲ.

ಅಂಗಳದ ಆ ತುದಿಯಲ್ಲಿ ಎಲೆ ಸರಿದ ಸದ್ದಾಯಿತು. ಸರ್, ಸರ್.

ಸಣ್ಣಯ್ಯ ತಟ್ಟನೆ ತಿರುಗಿದ. ಯಾರೂ ಇರಲಿಲ್ಲ.

"ಗುರುಗಳೇ, ಅಕ್ಕ ಬಂದಳಾ?"

"ಅವಳು ನಿನಗಾಗಿ ಬಂದಿಲ್ಲ" ಎಂದರು ಗುರುಗಳು, ಆ ಕಡೆಗೆ ಕೈ ಮುಗಿಯುತ್ತ. "ನನಗೆ ಜಾಗ ಗುಡಿಸ್ತಾ ಇದಾಳೆ."

ಸಣ್ಣಯ್ಯ ಅವರ ಕಾಲು ಹಿಡಿದುಕೊಂಡ.

"ನೀವೂ ಹೋದರೆ ನಾನು ಏನು ಮಾಡಲಿ ಗುರುಗಳೇ?"

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು. ಬೆಚ್ಚಗಿತ್ತು.

"ಮಣ್ಣು ತುಳಿಯಬೇಡ. ಸಂಜೆ ಒಂದೇ ಎಲೆ ಹಾಕು."